ದುರುಗಪ್ಪನವರ ಮೀನು, ನನ್ನ ಹೊಸ ಫಿಲ್ಟರು

ನನಗೆ ಸ್ವಚ್ಛತೆಯ ಚಟವಿದೆ. ಅದನ್ನು ಗುಣವೆಂದು ತಿಳಿದೇ ನಲವತ್ತು ವರ್ಷ ಕಳೆದೆ. ಚಟವೆಂದು ಗೊತ್ತಾದದ್ದು ಐದು ಮೀನು ಸತ್ತ ಮೇಲೆ. ಓದಿದ ಪತ್ರಿಕೆಯನ್ನು ಮಡಿಕೆ ತಪ್ಪದಂತೆ ಮಡಿಸಿಡುವವನು, ಚಹಾ ಕುಡಿದ ಲೋಟವನ್ನು ಆರುವ ಮೊದಲೇ ತೊಳೆಯುವವನು, ಕರಿಹಲಗೆಯನ್ನು ಒದ್ದೆ ಬಟ್ಟೆಯಿಂದ ಒಮ್ಮೆ, ಒಣ ಬಟ್ಟೆಯಿಂದ ಒಮ್ಮೆ ಒರೆಸದೆ ಪಾಠ ಶುರು ಮಾಡದವನು ನಾನು. ಇಂಥವನ ವಶಕ್ಕೆ ನೀರು, ಗಾಜು, ಪಾಚಿ ಇರುವ ಒಂದು ತೊಟ್ಟಿಯನ್ನು ಒಪ್ಪಿಸಿದರೆ ಏನಾಗಬೇಕೋ ಅದೇ ಆಯಿತು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಆಗ ನಾನು ಕೊಟ್ಟೂರಿನ ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ನನ್ನ ಪಾಠಗಳಲ್ಲೆಲ್ಲ ನನಗೆ ಹೆಚ್ಚು ಅಭಿಮಾನವಿದ್ದದ್ದು ಸಾರಜನಕ ಚಕ್ರದ ಮೇಲೆ. ನಾಲ್ಕು ಬಣ್ಣದ ಸೀಮೆಸುಣ್ಣದಲ್ಲಿ ಗಾಳಿ, ಮಣ್ಣು, ಗಿಡ, ದನ ಎಲ್ಲವನ್ನೂ ಬರೆದು, ಒಂದರಿಂದ ಒಂದಕ್ಕೆ ಬಾಣ ಎಳೆದು, ಕೊನೆಯ ಬಾಣ ಮೊದಲನೆಯದಕ್ಕೆ ಬಂದು ಕೂಡುವಾಗ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದೆ. ಹುಡುಗರು ಬೆರಗಾಗಲಿ ಎಂದು. ಅವರು ಬೆರಗಾದರೋ, ಗಂಟೆ ಯಾವಾಗ ಹೊಡೆಯುತ್ತದೋ ಎಂದು ಕಾದರೋ, ನಾನು ವಿಚಾರಿಸಲು ಹೋಗಲಿಲ್ಲ.

ಬಜಾರ ಬೀದಿಯಲ್ಲಿ ದುರುಗಪ್ಪನವರ ಹೊಲಿಗೆ ಅಂಗಡಿಯಿತ್ತು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಹಿರಿಯರು. ಚಿಕ್ಕಂದಿನಲ್ಲಿ ಹುಬ್ಬಳ್ಳಿಗೆ ಹೋಗಿ, ಅಲ್ಲೊಂದು ದೊಡ್ಡ ಅಂಗಡಿಯಲ್ಲಿ ಕೆಲಸ ಕಲಿತು ಬಂದವರು. ಆ ಅಂಗಡಿಯ ಮಾಲೀಕರು ಮುದುಕರಾಗಿ ಬಾಗಿಲು ಹಾಕುವಾಗ ತಮ್ಮ ಮೀನಿನ ತೊಟ್ಟಿಯನ್ನು ಇವರಿಗೆ ಕೊಟ್ಟಿದ್ದರು. ಟ್ರಂಕಿನಷ್ಟು ದೊಡ್ಡದು. ಅದರಲ್ಲಿ ಎರಡು ಗೋಲ್ಡ್ ಫಿಶ್, ನಾಲ್ಕು ಕರೀ ಮೋಲಿ, ಮೂರು ಗೌರಾಮಿ, ಎರಡು ಏಂಜಲ್, ಒಟ್ಟು ಹನ್ನೊಂದು ಮೀನು. ಹೇಳಿದ ದಿನಕ್ಕೆ ಜಂಪರ್ ಕೊಡಲಿಲ್ಲವೆಂದು ಜಗಳಕ್ಕೆ ಬಂದವರು ತೊಟ್ಟಿಯ ಮುಂದಿನ ಬೆಂಚಿನಲ್ಲಿ ಕೂತು ಐದು ನಿಮಿಷದಲ್ಲಿ ತಣ್ಣಗಾಗುತ್ತಿದ್ದರು. ನಾನಂತೂ ಹೊಲಿಸುವುದು ಏನೂ ಇಲ್ಲದಾಗಲೂ ಹೋಗಿ ಕೂರುತ್ತಿದ್ದೆ.

ಆದರೆ ಕೂತಷ್ಟು ಹೊತ್ತೂ ನನ್ನ ಕಣ್ಣು ಮೀನಿನ ಮೇಲಲ್ಲ, ತೊಟ್ಟಿಯ ಮೂಲೆಯಲ್ಲಿದ್ದ ಫಿಲ್ಟರ್ ಡಬ್ಬಿಯ ಮೇಲೆ ಇರುತ್ತಿತ್ತು. ಅದೊಂದು ಪ್ಲಾಸ್ಟಿಕ್ ಡಬ್ಬಿ. ಒಳಗೆ ನೈಲಾನ್ ಹತ್ತಿ. ಗಾಳಿಯ ಪಂಪಿನಿಂದ ಬರುವ ಗುಳ್ಳೆಗಳು ನೀರನ್ನು ಎಳೆದು ಆ ಹತ್ತಿಯ ಮೂಲಕ ಹಾಯಿಸುತ್ತವೆ. ಒಂದು ಕಾಲಕ್ಕೆ ಬೆಳ್ಳಗಿದ್ದಿರಬೇಕಾದ ಆ ಹತ್ತಿ ಕಾಫಿ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗಿ ಲೋಳೆ ಲೋಳೆಯಾಗಿತ್ತು. ದುರುಗಪ್ಪನವರು ಎರಡು ತಿಂಗಳಿಗೊಮ್ಮೆ ಅದನ್ನು ತೊಟ್ಟಿಯದೇ ಒಂದು ಚೊಂಬು ನೀರಿನಲ್ಲಿ ಮೆಲ್ಲಗೆ ಹಿಂಡಿ ಮತ್ತೆ ಅಲ್ಲೇ ತುರುಕುತ್ತಿದ್ದರು. ನೋಡಿ ನನ್ನ ಮೈ ಕಡಿಯುತ್ತಿತ್ತು.

ಅವರ ಕಣ್ಣಿಗೆ ಪೊರೆ ಬಂದಿತ್ತು. ಸೂಜಿಗೆ ದಾರ ಪೋಣಿಸಲು ಗಿರಾಕಿಗಳನ್ನೇ ಕೇಳುವ ಹಂತಕ್ಕೆ ಬಂದಾಗ, ದಾವಣಗೆರೆಯಲ್ಲಿದ್ದ ಮಗಳು ಶಸ್ತ್ರಚಿಕಿತ್ಸೆಗೆ ಕರೆಸಿಕೊಂಡಳು. ಆ ಕಾಲದಲ್ಲಿ ಅದು ಒಂದು ದಿನದ ಕೆಲಸವಲ್ಲ. ಪಟ್ಟಿ ಬಿಚ್ಚಿ, ಗಾಯ ಮಾಗಿ, ದಪ್ಪ ಕನ್ನಡಕ ಬರುವವರೆಗೆ ಒಂದೂವರೆ ತಿಂಗಳು ಅಲ್ಲೇ ಇರಬೇಕಿತ್ತು. ಹೊರಡುವ ಮುನ್ನ ನಮ್ಮ ಮನೆಗೆ ಬಂದರು.

“ಎರಡು ವರ್ಷ ಆತು ಮೇಷ್ಟ್ರೇ, ಮೀನು ನನಗ ಬರೇ ಕೆಂಪು ಕಲೆ, ಹಳದಿ ಕಲೆ ಆಗ್ಯಾವ. ಕಣ್ಣು ಬಂದ್ಮ್ಯಾಲೆ ಅವನ್ನ ಒಂದು ಸಲ ನೆಟ್ಟಗ ನೋಡಬೇಕು. ನೀವು ಸೈನ್ಸ್ ಓದಿದವರು, ನಿಮ್ಮ ಮನ್ಯಾಗ ಇದ್ರ ನನಗ ಚಿಂತಿಲ್ಲ” ಎಂದರು. ದಿನಕ್ಕೊಂದು ಚಿಟಿಕೆ ಆಹಾರ ಸಾಕು, ಡಬ್ಬಿಯನ್ನು ಮಾತ್ರ ತೊಳೆಯಬೇಡಿ ಎಂದೂ ಹೇಳಿದರು. ಮೊದಲ ಮಾತು ನನ್ನ ಎದೆಯನ್ನು ಎಷ್ಟು ಉಬ್ಬಿಸಿತೆಂದರೆ ಕೊನೆಯ ಮಾತು ಕಿವಿಯ ಹತ್ತಿರ ಬಂದು ಹಿಂತಿರುಗಿ ಹೋಯಿತು.

ಬೆಂಗಳೂರಿಗೆ ತರಬೇತಿಗೆ ಹೋಗಿದ್ದಾಗ ನಾನೊಂದು ಹೊಸ ಫಿಲ್ಟರ್ ಡಬ್ಬಿ ಕೊಂಡಿಟ್ಟಿದ್ದೆ, ದುರುಗಪ್ಪನವರಿಗೆ ಕೊಡಬೇಕೆಂದು. ಹಳೆಯದರ ಎರಡರಷ್ಟು ದೊಡ್ಡದು; ಒಳಗೆ ಹಾಲಿನಂಥ ಬಿಳಿ ಹತ್ತಿ. ಕಣ್ಣು ಬಂದು ನೋಡುವಾಗ ತೊಟ್ಟಿ ಫಳಫಳ ಹೊಳೆಯುತ್ತಿರಲಿ ಎಂದು ನನ್ನ ಆಸೆ. ಮೀನುಗಳನ್ನು ಬಕೆಟ್ಟಿಗೆ ಹಾಕಿ, ತಳದ ಹರಳುಗಳನ್ನು ಬಿಸಿನೀರಿನಲ್ಲಿ ಏಳು ಸಲ ತೊಳೆದೆ. ಗಾಜಿನ ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜಿದೆ. ಹಳೆಯ ನೀರನ್ನು ನಿಂಬೆಗಿಡಕ್ಕೆ ಸುರಿದೆ. ಹಳೆಯ ಹತ್ತಿಯನ್ನೂ ಅದರ ಬುಡಕ್ಕೇ ಎಸೆದೆ. ಬಾವಿಯ ತಿಳಿನೀರು ತುಂಬಿ ಹೊಸ ಡಬ್ಬಿ ಕೂರಿಸಿದಾಗ ತೊಟ್ಟಿಯಲ್ಲಿ ನೀರಿದೆಯೆಂಬುದೇ ತಿಳಿಯುತ್ತಿರಲಿಲ್ಲ. ಮೀನುಗಳು ಗಾಳಿಯಲ್ಲಿ ತೇಲುತ್ತಿವೆಯೇನೋ ಎಂಬಂತೆ ಕಾಣುತ್ತಿದ್ದವು. ಪಕ್ಕದ ಮನೆಯವರನ್ನು ಕರೆದು ತೋರಿಸಿದೆ.

ಐದನೆಯ ದಿನ ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು. ಹಸಿವಿರಬೇಕೆಂದು ಎರಡು ಚಿಟಿಕೆ ಹಾಕಿದೆ. ಮರುದಿನ ಒಂದು ಮೋಲಿ ಸತ್ತಿತ್ತು. ಉಳಿದವು ಸೊರಗಿವೆ, ಶಕ್ತಿ ಬರಲಿ ಎಂದು ಮೂರು ಚಿಟಿಕೆ ಹಾಕಿದೆ. ಎರಡು ಏಂಜಲ್‌ಗಳೂ ಹೋದವು. ನೀರು ಮಾತ್ರ ತಿಳಿಯಾಗೇ ಇತ್ತು. ಕೊಳೆ ಕಂಡಿದ್ದರೆ ನನಗೆ ಏನು ಮಾಡಬೇಕೆಂದು ಗೊತ್ತಿರುತ್ತಿತ್ತು. ಅಷ್ಟು ಶುದ್ಧವಾದ ನೀರಿನಲ್ಲಿ ಅವು ಯಾಕೆ ಸಾಯುತ್ತಿವೆ ಎಂಬುದೇ ತಲೆಗೆ ಹೊಳೆಯಲಿಲ್ಲ. ಇನ್ನೊಮ್ಮೆ ಹತ್ತಿಯನ್ನು ಸೋಪಿನಲ್ಲಿ ತೊಳೆಯೋಣವೇ ಎಂದು ಹೆಂಡತಿ ನೀಲಾಳನ್ನು ಕೇಳಿದೆ. ಅವಳು ಅಡುಗೆಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತಿದ್ದಳು.

“ಆ ಹಳೇ ಹತ್ತಿ ಎಲ್ಲಿ ಇಟ್ಟೀರಿ?” ಎಂದಳು.

ಎಸೆದೆ ಎಂದೆ.

“ಒಂಚೂರೂ ಉಳಿಸಲಿಲ್ಲೇನ್ರಿ? ನಾ ಮೊಸರಿನ ಗಡಗಿ ತೊಳೀಬೇಕಂದ್ರ ಮದಲು ಒಂದು ಚಮಚ ಮೊಸರು ತೆಗೆದಿಡ್ತೀನಿ.”

ಅವಳು ಯಾವ ಅರ್ಥದಲ್ಲಿ ಹೇಳಿದಳೋ. ಮೀನಿಗೂ ಮೊಸರಿಗೂ ಇರುವ ಸಂಬಂಧ ತನಗೇನೂ ಗೊತ್ತಿರಲಿಲ್ಲವೆಂದು ಆಮೇಲೆ ಅವಳೇ ಒಪ್ಪಿಕೊಂಡಳು. ನಾನು ಮಾತ್ರ ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟೆ. ಮೀನಿನ ಹೇಲು, ತಿನ್ನದೆ ಉಳಿದ ಆಹಾರ ಕೊಳೆತು ಅಮೋನಿಯ ಆಗುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಬಂದು ಅದನ್ನು ನೈಟ್ರೇಟ್ ಮಾಡಿದ ಮೇಲೆ ಮೀನು ನೆಮ್ಮದಿಯಾಗಿ ಉಸಿರಾಡಬಹುದು. ಇವೆರಡೂ ನೀರಿನಲ್ಲಿ ಅಲೆಯುತ್ತಾ ಇರುವುದು ಕಡಿಮೆ. ಹರಳಿಗೆ, ಗಾಜಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಹತ್ತಿಗೆ ಅಂಟಿಕೊಂಡು ಸಂಸಾರ ಹೂಡುತ್ತವೆ. ಹೊಸ ಹತ್ತಿಯಲ್ಲಿ ಅವು ತಾವಾಗಿ ಬಂದು ನೆಲೆಸಲು ಒಂದು ತಿಂಗಳಾದರೂ ಬೇಕು. ಇದೆಲ್ಲವೂ ನನ್ನ ಸಾರಜನಕ ಚಕ್ರವೇ. ವರ್ಷವರ್ಷವೂ ಹಳದಿ ಸೀಮೆಸುಣ್ಣದಲ್ಲಿ ನಾನೇ ಎಳೆಯುತ್ತಿದ್ದ ಆ ಎರಡು ಬಾಣಗಳು ದುರುಗಪ್ಪನವರ ಡಬ್ಬಿಯೊಳಗೆ ಕಾಫಿ ಬಣ್ಣದ ಲೋಳೆಯಾಗಿ ಕೂತಿದ್ದವು. ನಾನು ಅವನ್ನು ನಿಂಬೆಗಿಡದ ಬುಡಕ್ಕೆ ಎಸೆದಿದ್ದೆ.

ಓಡಿ ಹೋಗಿ ನೋಡಿದರೆ ಆ ಹತ್ತಿ ಬಿಸಿಲಿಗೆ ಒಣಗಿ ಹಪ್ಪಳವಾಗಿತ್ತು.

ಕಾಲೇಜಿನ ಪ್ರಯೋಗಾಲಯದಿಂದ ಅಮೋನಿಯ ಪತ್ತೆ ಹಚ್ಚುವ ದ್ರಾವಣ ತಂದು, ತೊಟ್ಟಿಯ ನೀರನ್ನು ಗಾಜಿನ ನಳಿಕೆಯಲ್ಲಿ ಹಿಡಿದು ಅದಕ್ಕೆ ಎರಡು ಹನಿ ಹಾಕಿದೆ. ತಿಳಿನೀರು ಕಣ್ಣೆದುರೇ ಕಡು ಹಳದಿಗೆ ತಿರುಗಿತು. ಅಂದು ಸಂಜೆ ನೀರಿನ ಕಾಲು ಭಾಗ ಬದಲಿಸಿದೆ, ಆಹಾರ ನಿಲ್ಲಿಸಿದೆ. ಮರುದಿನ ಭಾನುವಾರ, ಮೊದಲ ಬಸ್ಸಿಗೆ ಹರಪನಹಳ್ಳಿಗೆ ಹೊರಟೆ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಫೋಟೋ ಸ್ಟುಡಿಯೋದಲ್ಲಿ ಮೀನಿನ ತೊಟ್ಟಿ ಇಟ್ಟಿದ್ದನ್ನು ಹಿಂದೊಮ್ಮೆ ನೋಡಿದ ನೆನಪು.

ಸ್ಟುಡಿಯೋದ ಯಜಮಾನರು ವೀರಭದ್ರಪ್ಪ ಎಂಬವರು. ಪಾಸ್‌ಪೋರ್ಟ್ ಸೈಜೋ, ಪೋಸ್ಟ್ ಕಾರ್ಡ್ ಸೈಜೋ ಎಂದು ಕೇಳಿದರು. ನಿಮ್ಮ ತೊಟ್ಟಿಯ ಫಿಲ್ಟರಿನ ಕೊಳಕು ಹತ್ತಿಯಲ್ಲಿ ಅರ್ಧ ಬೇಕು ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಕುರ್ಚಿ ಎಳೆದು ಕೂರಿಸಿ, ಮೊದಲು ಚಹಾ ತರಿಸಿದರು. ತಲೆ ಕೆಟ್ಟವರೊಡನೆ ಹಾಗೇ ನಡೆದುಕೊಳ್ಳಬೇಕೆಂದು ಅವರಿಗೆ ತಿಳಿದಿತ್ತು. ನಾನು ಕಥೆಯನ್ನೆಲ್ಲ ಹೇಳಿದೆ. ದುರುಗಪ್ಪನವರ ಕಣ್ಣಿನ ಮಾತು ಬಂದಾಗ ಅವರ ಮುಖ ಬದಲಾಯಿತು. ತಾವೇ ಅಂಗಿಯ ತೋಳು ಮಡಚಿ ತೊಟ್ಟಿಗೆ ಕೈ ಹಾಕಿದರು.

“ಹೊಲಸು ಕೊಡ್ರಿ ಅಂತ ಕೇಳಿಕೊಂಡು ಬಂದವರು ನೀವೇ ಮೊದಲ್ನೇರು. ತಗೊಳ್ರಿ, ನೋಡಿ ಒಯ್ಯಿರಿ” ಎಂದು ಒಂದು ಉಪ್ಪಿನಕಾಯಿ ಭರಣಿಯಲ್ಲಿ ಅವರ ತೊಟ್ಟಿಯದೇ ನೀರು ತುಂಬಿ ಅದರಲ್ಲಿ ಹತ್ತಿ ಹಾಕಿಕೊಟ್ಟರು.

ಬಸ್ಸಿನಲ್ಲಿ ಆ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಗಾಳಿಯಾಡಲೆಂದು ಮುಚ್ಚಳ ತೆರೆದೇ ಇತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಮೂಗಿಗೆ ಸೆರಗು ಹಿಡಿದು, ಯಾವ ರೋಗಕ್ಕೆ ಈ ಔಷಧ ಎಂದು ಕೇಳಿದಳು. ತಿಳಿಗೇಡಿತನಕ್ಕೆ ಎಂದೆ. ಅವಳು ಗಂಭೀರವಾಗಿ ತಲೆಯಾಡಿಸಿ, ತನ್ನ ಅಳಿಯನಿಗೂ ಸ್ವಲ್ಪ ಸಿಗುತ್ತದೆಯೇ ಎಂದಳು.

ಆ ಹತ್ತಿಯನ್ನು ಹೊಸ ಹತ್ತಿಯ ಮಗ್ಗುಲಿಗೇ ಡಬ್ಬಿಯೊಳಗಿಟ್ಟೆ. ಅಷ್ಟಾದರೂ ಮರುದಿನ ಇನ್ನೊಂದು ಮೋಲಿ, ಅದರ ಮರುದಿನ ಒಂದು ಗೋಲ್ಡ್ ಫಿಶ್ ಸತ್ತವು. ಆಮೇಲಿನದು ಬರೀ ಕಾಯುವ ಕೆಲಸ. ಇದು ನನಗೆ ಬಾರದ ವಿದ್ಯೆ. ಏನಾದರೂ ತೊಳೆಯುತ್ತ, ಒರೆಸುತ್ತ ಇರುವವನಿಗೆ ಸುಮ್ಮನೆ ಕೈಕಟ್ಟಿ ಕೂರುವುದಕ್ಕಿಂತ ದೊಡ್ಡ ಶಿಕ್ಷೆ ಬೇರೆಯಿಲ್ಲ. ದಿನಾ ಸ್ವಲ್ಪ ನೀರು ತೆಗೆದು ಸ್ವಲ್ಪ ನೀರು ಹಾಕುವುದು, ಎರಡು ದಿನಕ್ಕೊಮ್ಮೆ ಚಿಟಿಕೆಯ ಅರ್ಧದಷ್ಟು ಆಹಾರ. ಕರೆಂಟು ಹೋಗಿ ಪಂಪು ನಿಂತಾಗ ನೀಲಾ ಬಂದು, ಲೋಟದಲ್ಲಿ ನೀರು ಮೊಗೆದು ಡಬ್ಬಿಯ ಮೇಲೆ ಎತ್ತರದಿಂದ ಹೊಯ್ಯುತ್ತಿದ್ದಳು. ದ್ರಾವಣದ ಹಳದಿ ದಿನದಿಂದ ದಿನಕ್ಕೆ ತೆಳ್ಳಗಾಯಿತು. ಮೂರನೆಯ ವಾರ ಎರಡು ಹನಿ ಹಾಕಿದರೂ ನೀರು ನೀರಾಗಿಯೇ ಉಳಿಯಿತು. ಗೌರಾಮಿಗಳು ತಳಕ್ಕಿಳಿದು ಹರಳು ಕೆದಕತೊಡಗಿದವು. ಬಿಳಿ ಹತ್ತಿ ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗುತ್ತಿದ್ದುದನ್ನು ನಾನು, ನಾನೇ, ಸಂತೋಷದಿಂದ ನೋಡುತ್ತಿದ್ದೆ.

ಉಳಿದದ್ದು ಆರು ಮೀನು. ವೀರಭದ್ರಪ್ಪನವರಿಗೆ ಕೃತಜ್ಞತೆ ಹೇಳಲು ಹೋದಾಗ, ತಮ್ಮ ಹತ್ತಿರವೂ ಏಂಜಲ್, ಮೋಲಿ, ಗೋಲ್ಡ್ ಫಿಶ್ ಇವೆ, ಐದು ಒಯ್ದು ಲೆಕ್ಕ ಸರಿಮಾಡಿ ಎಂದರು. ಎರಡು ವರ್ಷ ಬಣ್ಣದ ಕಲೆಗಳನ್ನಷ್ಟೇ ಕಂಡ ದುರುಗಪ್ಪನವರಿಗೆ ಗುರುತು ಸಿಗುವುದು ಹೇಗೆ? ನಾನು ಒಂದು ಗಳಿಗೆ ಯೋಚಿಸಿದೆ ಎನ್ನುವುದು ಸುಳ್ಳು. ಒಂದು ವಾರವಿಡೀ ಯೋಚಿಸಿದೆ. ನೀಲಾ ಮಾತ್ರ ಯೋಚಿಸಲಿಲ್ಲ. “ಕಣ್ಣು ಬಂದ್ಮ್ಯಾಲೆ ಅವರು ಮದಲು ನೋಡೋದು ಸುಳ್ಳು ಆಗಬಾರದ್ರಿ” ಎಂದಳು. ಅಲ್ಲಿಗೆ ಮುಗಿಯಿತು.

ದುರುಗಪ್ಪನವರು ಬಂದರು. ಬಸ್ಸಿಳಿದು ತಮ್ಮ ಮನೆಗೂ ಹೋಗದೆ ನೇರ ನಮ್ಮ ಪಡಸಾಲೆಗೆ. ಕನ್ನಡಕದ ದಪ್ಪ ಗಾಜಿನ ಹಿಂದೆ ಅವರ ಕಣ್ಣುಗಳು ಎರಡರಷ್ಟು ದೊಡ್ಡವಾಗಿ ಕಾಣುತ್ತಿದ್ದವು. ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಗೌರಾಮಿಯ ಮೈಮೇಲಿನ ಚುಕ್ಕೆಗಳನ್ನು ಗಾಜಿನ ಮೇಲೆ ಬೆರಳಿಟ್ಟು ಎಣಿಸಿದರು. ಆಮೇಲೆ ಮೀನುಗಳನ್ನು ಎಣಿಸಿದರು.

“ಆರು ಅದಾವು” ಎಂದರು.

ಐದು ನನ್ನ ಕೈಯಿಂದಲೇ ಸತ್ತವು ಎಂದೆ. ಬಿಸಿನೀರಿನಿಂದ ಹಿಡಿದು ಭರಣಿಯವರೆಗೆ ಎಲ್ಲವನ್ನೂ ಹೇಳಿದೆ. ಏಂಜಲ್‌ಗಳು ಹೋದವು ಎಂದಾಗ ಅವರು ಒಮ್ಮೆ ಕಣ್ಣು ಮುಚ್ಚಿದರು. ನಾನು ತಲೆ ತಗ್ಗಿಸಿ, ಡಬ್ಬಿ ತೊಳೆಯಬೇಡಿ ಎಂದು ನೀವು ಹೇಳಿದ್ದಿರಿ, ಯಾಕೆಂದು ನಾನು ಕೇಳಲಿಲ್ಲ ಎಂದೆ.

“ಕೇಳಿದ್ರೂ ನನಗ ಗೊತ್ತಿರಲಿಲ್ಲ ಬಿಡ್ರಿ. ಹುಬ್ಬಳ್ಳಿ ಮಾಲಕರು ತೊಳೀಬ್ಯಾಡ ಅಂದ್ರು, ನಾ ತೊಳೀಲಿಲ್ಲ. ಈಗ ಹೇಳ್ರಿ, ಯಾಕ?”

ಪಡಸಾಲೆಯ ಕಡಪಾ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹೇಳಿದೆ. ಬಾಣ ಎಳೆದೆ. ಈ ಸಲ ಬೆರಗಿಗಾಗಿ ನಿಲ್ಲಲಿಲ್ಲ. ಅವರು ಬಟ್ಟೆ ಕತ್ತರಿಸುವ ಗುರುತನ್ನು ನೋಡುವವರಂತೆ ಒಂದೊಂದು ಗೆರೆಯನ್ನೂ ನೋಡಿ, ಆ ಹುಳಗಳು ಕಣ್ಣಿಗೆ ಕಾಣುತ್ತವೆಯೇ ಎಂದು ಕೇಳಿದರು. ಕಾಣುವುದಿಲ್ಲ ಎಂದೆ. ಈ ಹೊಸ ಕನ್ನಡಕಕ್ಕೂ? ಅದಕ್ಕೂ ಇಲ್ಲ ಎಂದೆ.

“ಹಂಗಾರ ಈ ವಿಷಯದಾಗ ನೀವೂ ನಾನೂ ಒಂದೇ ಆದ್ವಿ” ಎಂದು ಅಂದಿನ ಮಟ್ಟಿಗೆ ಮೊದಲ ಸಲ ನಕ್ಕರು.

ಅವರು ನಕ್ಕದ್ದರಿಂದ ನನ್ನ ತಪ್ಪು ಮುಗಿಯಿತೆಂದು ನಾನೇನೂ ತಿಳಿಯಲಿಲ್ಲ. ಮುಂದಿನ ವಾರ ಅಂಗಡಿ ತೆರೆಯುವ ದಿನ ತೊಟ್ಟಿ ಸಾಗಿಸಲು ಕೈಗಾಡಿ ತಂದರು. ಮೀನುಗಳಿದ್ದ ಬಕೆಟ್ ಒಂದು ಕಡೆ, ಕಂದು ಹತ್ತಿಯ ಡಬ್ಬಿ ಮುಳುಗಿಸಿದ್ದ ಪಾತ್ರೆ ಒಂದು ಕಡೆ ಇತ್ತು. ನಾನು ಅಭ್ಯಾಸಬಲದಿಂದ ಪಾತ್ರೆಗೆ ಕೈ ಚಾಚಿದೆ. ದುರುಗಪ್ಪನವರು ಬಹಳ ಮರ್ಯಾದೆಯಿಂದ ಅದನ್ನು ನನ್ನಿಂದ ತಮ್ಮ ಕಡೆಗೆ ಎಳೆದುಕೊಂಡರು.

“ಮೀನು ನೀವು ಹಿಡ್ಕೊಳ್ರಿ ಮೇಷ್ಟ್ರೇ. ಡಬ್ಬಿ ನನ್ನ ಕೈಯಾಗ ಇರ್ಲಿ.”