ಮೂರನೇ ಕಣಜದ ಗೆರೆ

ದೆವ್ವ, ಶಕುನ, ಮೈಮೇಲೆ ಬರುವುದು, ಇವುಗಳನ್ನು ನಾನು ಎಂದೂ ನಂಬಿದವನಲ್ಲ. ಚೀಕಲಪರ್ವಿಯ ನಮ್ಮ ಬೀಗರು ಹೊಳೆದಂಡೆಯ ಕತೆ ತೆಗೆದರೆ ಎದ್ದು ಹೋಗುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಹಾಡಹಗಲಲ್ಲಿ, ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ ಕಂಡದ್ದು ಇಂದಿಗೂ ನನ್ನ ತಲೆಯಿಂದ ಹೋಗಿಲ್ಲ. ಅದರಲ್ಲಿ ನನ್ನದೊಂದು ತಪ್ಪೂ ಇದೆ. ಅದನ್ನು ಬಿಟ್ಟು ಹೇಳಿದರೆ ನಡೆದದ್ದೇನೆಂದು ನಿಮಗೆ ತಿಳಿಯುವುದಿಲ್ಲ.

ನಾನು ಓದಿದ್ದು ಹತ್ತನೇ ತರಗತಿ. ಗಿರಣಿಯಲ್ಲಿ ಭತ್ತ ನೋಡಿಕೊಳ್ಳುವುದು ನನ್ನ ಕೆಲಸ. ತಗಡಿನ ಮೂರು ದೊಡ್ಡ ಕಣಜಗಳಿದ್ದವು. ಹಸಿ ಉಳಿದ ಭತ್ತ ಒಳಗೊಳಗೇ ಬಿಸಿಯಾಗಿ ಕೆಡುತ್ತದೆ. ದಿನಾ ಏಣಿ ಹತ್ತಿ, ಮೊಣಕೈವರೆಗೆ ಕೈ ತೂರಿಸಿ, ತಂಪಿದೆಯೋ ಬಿಸಿಯಾಗಿದೆಯೋ ಹೇಳುತ್ತಿದ್ದೆ. ಅಲ್ಲಿ ನನ್ನ ಕೈ ಹೇಳಿದ್ದೇ ಕೊನೆಯ ಮಾತು.

ಆ ವರ್ಷ ಗಿರಣಿಯ ಸಾವ್ಕಾರರು ದೇವದುರ್ಗದ ಸುನಂದಾ ಎಂಬ ಹುಡುಗಿಯನ್ನು ಕರೆಸಿದರು. ರಾಯಚೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿದ್ದ ಅವಳು ಸ್ವಂತವಾಗಿ ಹಿಡಿದ ಮೊದಲ ಕೆಲಸ ಇದು. ಪ್ರತಿ ಕಣಜದ ನಡುಮಧ್ಯಕ್ಕೆ ಶಾಖ ಅಳೆಯುವ ಸರಳು ಇಳಿಸಿ, ಅದರ ತಲೆಯಿಂದ ಆಫೀಸಿನ ಕಂಪ್ಯೂಟರಿಗೆ ವೈರ್ ಎಳೆದಳು. ಅವಳ ಪ್ರೋಗ್ರಾಮಿನಲ್ಲಿ ಬರವಣಿಗೆಯೇ ಇರಲಿಲ್ಲ. ಪರದೆಯ ಮೇಲೆ ಚೌಕಗಳನ್ನಿಟ್ಟು ಒಂದಕ್ಕೊಂದು ಬಣ್ಣದ ಎಳೆ ಜೋಡಿಸುವುದು, ಥೇಟ್ ಸ್ವಿಚ್ ಬೋರ್ಡಿನ ವೈರಿಂಗಿನಂತೆ. ಪಕ್ಕದಲ್ಲಿ ಕಣಜಕ್ಕೊಂದರಂತೆ ಮೂರು ಗೆರೆಗಳು ಓಡುತ್ತಿದ್ದವು. ಕಣಜ ಬಿಸಿಯಾದರೆ ಗೆರೆ ಏರಬೇಕು.

"ಅಮಾಸಿ ಮರುದಿನ ನೋಡ್ತೀನವ್ವಾ. ಮೂರೂ ಸರಿ ಓಡಿದ್ರ ಇಟ್ಕೊಂತೀನಿ, ಇಲ್ಲಂದ್ರ ಬಿಚ್ಕೊಂಡು ಹೋಗು," ಎಂದಿದ್ದರು ಸಾವ್ಕಾರರು.

ಅಮಾವಾಸ್ಯೆಗೆ ಗಿರಣಿ ನಿಲ್ಲಿಸಿ, ಯಂತ್ರಗಳನ್ನೆಲ್ಲ ಒರೆಸಿ ವಿಭೂತಿ ಹಚ್ಚುವುದು ನಮ್ಮಲ್ಲಿ ರೂಢಿ. ಹೊಸ ಸರಳುಗಳಿಗೂ ಹಚ್ಚಬೇಕಲ್ಲ. ವೈರ್ ಬಿಚ್ಚಿ, ಒರೆಸಿ, ಮೂರು ಬೆರಳಿನಲ್ಲಿ ಹಸಿ ವಿಭೂತಿ ಎಳೆದೆ. ಎರಡಕ್ಕೆ ವೈರನ್ನು ಮತ್ತೆ ಸಿಕ್ಕಿಸಿದೆ. ಮೂರನೆಯದರ ವೈರಿನ ತುದಿಯನ್ನು ಕಣಜದ ಮುಚ್ಚಳದ ಕೆಳಗೆ ತೂರಿಸಿ, ಕೆಳಗಿನಿಂದ ಸೇರಿದಂತೆ ಕಾಣುವ ಹಾಗೆ ಮಾಡಿ ಇಳಿದುಬಂದೆ. ಮರೆತೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ.

ಮರುದಿನ ಎರಡು ಗೆರೆ ಓಡಿದವು. ಮೂರನೆಯದು ತಳದಲ್ಲಿ ಚಪ್ಪಟೆ ಮಲಗಿತ್ತು.

"ಯಪ್ಪಾ, ಮ್ಯಾಲ ವೈರ್ ಗಟ್ಟಿ ಅದನ್ರಿ?" ಎಂದು ಕೇಳಿದಳು ಸುನಂದಾ.

"ಗಟ್ಟಿ ಅದವ್ವಾ," ಎಂದೆ.

ಅವಳು ನಂಬಿ ತನ್ನ ಚೌಕಗಳಲ್ಲೇ ತಪ್ಪು ಹುಡುಕತೊಡಗಿದಳು. ಪ್ರೋಗ್ರಾಮನ್ನು ನಿಧಾನವಾಗಿ ಓಡಿಸಿ, ಪ್ರತಿ ಎಳೆಯಲ್ಲಿ ಯಾವ ಸಂಖ್ಯೆ ಹರಿಯುತ್ತಿದೆ ಎಂದು ನೋಡಿದಳು. ಮೂರನೆಯದರ ಮೊದಲ ಚೌಕಕ್ಕೇ ಏನೂ ಬರುತ್ತಿರಲಿಲ್ಲ. ಊಟದ ಹೊತ್ತಿಗೆ ಅವಳ ಕಣ್ಣುಗಳು ಕೆಂಪಾಗಿದ್ದವು. ಡಬ್ಬಿ ಬಿಚ್ಚಲೇ ಇಲ್ಲ.

ಮಧ್ಯಾಹ್ನ ಸಾವ್ಕಾರರು ಬಂದು ಇಣುಕಿದರು. "ದವಾಖಾನ್ಯಾಗ ಮಂದಿ ಸತ್ತಾಗ ಹಿಂಗ ಗೆರಿ ಬರ್ತದಲ್ಲವ್ವಾ?" ಎಂದು ನಕ್ಕರು. ಆ ನಗು ಇನ್ನೂ ಮುಗಿದಿರಲಿಲ್ಲ, ಮೂರನೇ ಗೆರೆ ಎದ್ದಿತು. ಉಳಿದೆರಡನ್ನೂ ದಾಟಿ ಏರಿತು.

"ಏರಾಕತ್ತದ! ಸಾವ್ಕಾರ್ರ, ನೆಲ್ಲು ಕಾಯಾಕತ್ತದ ನೋಡ್ರಿ!" ಎಂದು ಅವಳು ಎದ್ದು ನಿಂತಳು.

ವೈರೇ ಸೇರಿರಲಿಲ್ಲವಲ್ಲ. "ಸುಳ್ಳದ ಅದು," ಎಂದೆ.

"ನಿನ್ನ ಕೈ ಏನಂತದ, ಮಿಸ್ತ್ರಿ?" ಎಂದು ಸಾವ್ಕಾರರು ನನ್ನನ್ನು ಕೇಳಿದರು.

"ತಂಪದ ಅಂತದ್ರಿ. ಮುಂಜಾನಿ ನೋಡೀನಿ."

"ಯಪ್ಪಾ, ನಿಮ್ಮ ಕೈ ಎಷ್ಟುದ್ದ ಅದ? ನಡುವ ನೋಡ್ಬೇಕ್ರಿ," ಎಂದಳು ಹುಡುಗಿ.

ಸಾವ್ಕಾರರು ಕಣಜದ ಕೆಳಬಾಗಿಲು ತೆಗೆಸಿದರು. ಮೊದಲು ತಂಪು ಭತ್ತ ಸುರಿಯಿತು. ಆಮೇಲೆ ಹಬೆಯಾಡುತ್ತ, ಹುಳಿ ವಾಸನೆಯ ಗಂಟುಗಂಟು ಭತ್ತ. ತಗಡಿನ ಸಂದಿಯಿಂದ ನೀರು ಇಳಿದಿತ್ತು. ಹಮಾಲರೆಲ್ಲ ಓಡಿಬಂದು ಅಂಗಳದಲ್ಲಿ ಹರವಿದರು. ಮುಕ್ಕಾಲು ಪಾಲು ಉಳಿಯಿತು, ಸುನಂದಾಳ ಕೆಲಸವೂ ಉಳಿಯಿತು.

ಆ ಗದ್ದಲದಲ್ಲಿ ನಾನು ಮೇಲೆ ಹತ್ತಿ ಮುಚ್ಚಳ ಎತ್ತಿದೆ. ವೈರಿನ ತುದಿ ನಾನು ತೂರಿಸಿದಲ್ಲೇ ಇತ್ತು. ಸರಳಿನ ತಲೆಯ ಮೇಲೆ ವಿಭೂತಿ ಒಣಗಿ ಬೆಳ್ಳಗಿತ್ತು. ವೈರ್ ಸಿಕ್ಕಿಸಿ ಆಫೀಸಿಗೆ ಓಡಿದೆ. ಈಗ ಸೇರಿಸಿದ್ದಕ್ಕೆ ಗೆರೆ ಒಂದಿಷ್ಟಾದರೂ ಜಿಗಿಯಬೇಕಿತ್ತು, ಇಲ್ಲವೇ ತುಂಡಾಗಬೇಕಿತ್ತು. ಆದರೆ ಅದು ಎಲ್ಲೂ ಒಡಕಿಲ್ಲದೆ, ಮೊದಲಿನಿಂದಲೂ ಸೇರಿಕೊಂಡೇ ಇದ್ದಂತೆ ಓಡುತ್ತಿತ್ತು.

ಬೆಳಿಗ್ಗೆ ಗೆರೆ ಯಾಕೆ ಬರಲಿಲ್ಲ ಎಂದು ಅವಳು ಕೇಳಿದಾಗ, "ವಿಭೂತಿ ನೀರು ಇಳಿದಿತ್ತೇನವ್ವಾ, ಈಗ ಒಣಗ್ಯಾದ," ಎಂದುಬಿಟ್ಟೆ. ಅವಳು ನಕ್ಕು ಒಪ್ಪಿದಳು. ಈಗ ರಾಯಚೂರಿನಲ್ಲಿ ತನ್ನ ಬಳಿ ಕಲಿಯುವವರಿಗೆ ಅದನ್ನೇ ಹೇಳುತ್ತಾಳಂತೆ: ಮೊದಲು ವಿಭೂತಿ ಒರೆಸಿ ನೋಡಿ ಎಂದು.

ಹೋದ ತಿಂಗಳು ಸಿಕ್ಕಾಗ, ವೈರೇ ಸೇರದಿದ್ದರೆ ಗೆರೆ ಬರಬಹುದೇ ಎಂದು ಸುಮ್ಮನೆ ಕೇಳುವಂತೆ ಕೇಳಿದೆ. "ಎಲ್ಲಿಂದ ಬರ್ಬೇಕು ಯಪ್ಪಾ?" ಎಂದಳು.

ಸುನಂದಾ, ಇದನ್ನು ಓದಿದರೆ ಕ್ಷಮಿಸವ್ವ. ಅಂದು ನಿನ್ನ ಚೌಕಗಳಲ್ಲಿ ಯಾವ ತಪ್ಪೂ ಇರಲಿಲ್ಲ. ವಿಭೂತಿಯದೂ ತಪ್ಪಲ್ಲ. ಎಲ್ಲಿಂದ ಬಂತು ಎಂದು ಮಾತ್ರ ನನ್ನನ್ನು ಕೇಳಬೇಡ.