ಸುಣ್ಣ ಬಳಿದ ಖಾಲಿ ಜಾಗ

ಹೋದ ವಾರ ಬಕೆಟ್ಟಿಗೆ ಸುಣ್ಣದ ಹಳ್ಳು ಹಾಕಿ ನೀರು ಸುರಿದೆ. ಅದು ಕುದಿಯುವ ಸದ್ದು, ಮೂಗಿಗೆ ಅಡರುವ ಆ ಬಿಸಿ ವಾಸನೆ... ತಿರುವುತ್ತಿದ್ದ ಕೋಲು ಕೈಯಲ್ಲೇ ನಿಂತಿತು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಬರುತ್ತಿರುವ ಮೊದಲ ಈಸ್ಟರ್ ಇದು. ಅವರ ಗೋರಿಗೆ ಬಳಿಯಲೆಂದೇ ಸುಣ್ಣ ತಂದಿದ್ದೆ. ಆದರೆ ಆ ವಾಸನೆಗೆ ಮೊದಲು ನೆನಪಾದವರು ನಮ್ಮವರಲ್ಲ, ಪಕ್ಕದ ಮನೆಯ ಅಕ್ಕೋರು.

ಜಮಖಂಡಿಯ ನಮ್ಮ ಓಣಿಯಲ್ಲಿ ಅವರನ್ನು ಎಲ್ಲರೂ ಅಕ್ಕೋರು ಎಂದೇ ಕರೆಯುತ್ತಿದ್ದರು. ಬೀಳಗಿ ಕಡೆ, ರನ್ನ ಬೆಳಗಲಿ ಕಡೆ ಸಾಲೆಗಳಲ್ಲಿ ಕಲಿಸಿ ನಿವೃತ್ತರಾದವರು. ಮಕ್ಕಳಿರಲಿಲ್ಲ. ಯಜಮಾನರು ಇಲ್ಲೇ ಒಂದು ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಅಕ್ಕೋರು ನೌಕರಿ ಮುಗಿಸಿ ಊರಿಗೆ ಬಂದ ವರ್ಷವೇ ಅವರು ಹೋಗಿಬಿಟ್ಟರು. "ನೌಕರಿ ಇರೂತನಕ ನಾ ಒಂದೂರು, ಅವರೊಂದೂರು. ಶನಿವಾರದ ಬಸ್ಸಿನ ಸಂಸಾರ ನಮ್ದು," ಎನ್ನುತ್ತಿದ್ದರು ಅಕ್ಕೋರು. "ಅಲ್ಲರೆ ಬಾಜೂಕ ಇರತೀನಿ."

ಅಲ್ಲಿ ಎಂದರೆ ನಮ್ಮ ಚರ್ಚಿನ ಹಳೆಯ ಸಮಾಧಿ ಜಾಗ. ಸಣ್ಣ ಸಭೆ ನಮ್ಮದು, ಸಣ್ಣ ಜಾಗ. ಗಂಡ ಹೆಂಡಿರಲ್ಲಿ ಒಬ್ಬರು ಮೊದಲು ಹೋದರೆ, ಉಳಿದವರಿಗೆಂದು ಪಕ್ಕದಲ್ಲಿ ಒಬ್ಬರು ಮಲಗುವಷ್ಟು ನೆಲದ ಸುತ್ತ ಕಲ್ಲು ಜೋಡಿಸಿಡುವುದು ರೂಢಿ. ಬೇರೆಯವರು ಕಲ್ಲಿಟ್ಟು ಮರೆತುಬಿಡುತ್ತಿದ್ದರು. ಅಕ್ಕೋರು ಹಾಗಲ್ಲ. ಈಸ್ಟರಿಗೆ ಮುಂಚೆ ಎಲ್ಲರೂ ತಮ್ಮವರ ಗೋರಿಗಳಿಗೆ ಸುಣ್ಣ ಬಳಿಯುವಾಗ ಅವರು ಗಂಡನ ಗೋರಿಯ ಜೊತೆಗೆ ತಮ್ಮ ಖಾಲಿ ಜಾಗದ ಕಲ್ಲುಗಳಿಗೂ ಬಳಿಯುತ್ತಿದ್ದರು. ಒಳಗಿನ ಹುಲ್ಲು ಕಿತ್ತು, ಹೊಳೆಯ ಮರಳು ಹರವಿ, ಹಾಸಿಗೆ ತಟ್ಟಿದಂತೆ ಕೈಯಿಂದ ಸಮ ಮಾಡುತ್ತಿದ್ದರು.

ನಮ್ಮವರಿಗೆ ಇದನ್ನು ಕಂಡರೆ ಚೇಷ್ಟೆ. "ಹೊಸಾ ಮನಿಗೆ ಸುಣ್ಣ ಆತೇನ್ರಿ ಅಕ್ಕೋರ? ವಾಸ್ತುಶಾಂತಿ ಯಾವಾಗ?"

"ನೀ ಊಟಕ್ಕ ಬರ್ತೀನಿ ಅಂದ್ರ ನಾಳೆನ ಇಟ್ಕೋತೀನಪಾ," ಎಂದು ಅವರು ಕುಂಚ ಝಾಡಿಸುತ್ತಿದ್ದರು. ನಮ್ಮವರ ಅಂಗಿಯ ಮೇಲೆ ಬಿಳಿ ಹನಿಗಳು ಬೀಳುತ್ತಿದ್ದವು.

ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುವುದು ಅಕ್ಕೋರ ಕೆಲಸವಾಗಿತ್ತು. ಕ್ರಿಸ್ತನ ಜೊತೆ ಸಾಯುವುದೆಂದರೇನು ಎಂದು ಒಮ್ಮೆ ಅವರು ಹೇಳಿದ್ದು ನೆನಪಿದೆ. ದೀಕ್ಷಾಸ್ನಾನದಲ್ಲಿ ನೀರಿನೊಳಗೆ ಮುಳುಗುವುದೆಂದರೆ ಅವನ ಜೊತೆ ಹೂಳಿಸಿಕೊಂಡಂತೆ, ಏಳುವುದೆಂದರೆ ಅವನ ಜೊತೆ ಎದ್ದಂತೆ. "ಆದ್ರ ಅದು ಒಮ್ಮೆ ಮುಳುಗಿ ಎದ್ರ ಮುಗೀತು ಅಂತಲ್ರೋ. ನಂದು, ನನಗ, ನಾನು... ಇವು ಮೂರೂ ದಿನಾ ಮುಂಜಾನೆ ಸಾಯಬೇಕು," ಎಂದಿದ್ದರು. ಮಕ್ಕಳು ಒಕ್ಕೊರಲಿನಿಂದ ಹ್ಞೂಂರೀ ಅಂದಿದ್ದವು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಾನೂ ತಲೆಯಾಡಿಸಿದ್ದೆ.

ಒಂದು ವರ್ಷ ಕಬ್ಬಿನ ಹಂಗಾಮು ಮುಗಿಯುತ್ತ ಬಂದಿತ್ತು. ಈಸ್ಟರ್ ಹತ್ತಿರದಲ್ಲಿತ್ತು. ಹಿಪ್ಪರಗಿ ಕಡೆ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಒಬ್ಬ ಹೆಂಗಸು ಜ್ವರ ಬಂದು ತೀರಿಕೊಂಡಳು. ಅವರು ಮಹಾರಾಷ್ಟ್ರದ ಕಡೆಯವರು, ನಮ್ಮ ಹಾಗೆ ಕ್ರೈಸ್ತರು. ಊರಿಗೆ ಒಯ್ಯುವಷ್ಟು ಅನುಕೂಲವಿರಲಿಲ್ಲ, ಬಿಸಿಲೂ ಬಿಡುತ್ತಿರಲಿಲ್ಲ. ಅವಳ ಗಂಡ ಬಂದು ಪಾಸ್ಟರ ಬಾಗಿಲಲ್ಲಿ ಕುಳಿತ.

ಸಮಾಧಿ ಜಾಗ ಎಂದೋ ತುಂಬಿತ್ತು. ಊರ ಹೊರಗೆ ಹೊಸ ಜಾಗ ಕೊಡಿ ಎಂದು ಕೇಳಿದ್ದು ಇನ್ನೂ ಮಂಜೂರಾಗಿರಲಿಲ್ಲ. ನಮ್ಮ ನೆಲ ಕಲ್ಲಿನದು. ಒಬ್ಬರ ಮೇಲೊಬ್ಬರನ್ನು ಇಡುವಷ್ಟು ಆಳ ಸಿಗುವುದಿಲ್ಲ. ಉಳಿದದ್ದೆಂದರೆ ಕೆಲವು ಮನೆಯವರು ಕಲ್ಲಿಟ್ಟು ಹಿಡಿದ ಜಾಗ. ಪಾಸ್ಟರು ಒಂದೊಂದೇ ಮನೆಗೆ ಹೋಗಿ ಕೇಳಿದರು. ಒಬ್ಬರ ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದರು. ಇನ್ನೊಬ್ಬರು "ಅಣ್ಣನ್ನ ಕೇಳಬೇಕ್ರಿ" ಅಂದರು. ಕಡೆಗೆ ಅಕ್ಕೋರ ಮನೆಗೆ ಬಂದರು. ನಾನು ಅವರ ಪಡಸಾಲೆಯಲ್ಲಿ ಕುಳಿತು ಅವರ ಜೊತೆ ಜೋಳ ಹಸನು ಮಾಡುತ್ತಿದ್ದೆ.

"ಕೊಡೂದಿಲ್ರಿ," ಅಂದರು ಅಕ್ಕೋರು, ಮೊರದಿಂದ ತಲೆ ಎತ್ತದೆ. "ಮತ್ತೇನರ ಕೇಳ್ರಿ. ಅದನ್ನ ಕೇಳಬ್ಯಾಡ್ರಿ."

ಪಾಸ್ಟರು ಚಪ್ಪಲಿ ಮೆಟ್ಟಿಕೊಂಡು ಹೋದರು.

ನನಗೆ ಅಕ್ಕೋರು ಹೇಳಿದ್ದೇ ಸರಿ ಅನ್ನಿಸಿತ್ತು. "ನೀವ್ಯಾಕ ಕೊಡಬೇಕ್ರಿ? ಊರಾಗ ನೀವೊಬ್ರ ಅದೀರೇನು?" ಅಂದೆ.

"ಸುಮ್ನಿರಬೇ," ಎಂದು ಗದರಿದರು. ಅವರು ನನ್ನ ಮೇಲೆ ಹಾಗೆ ದನಿಯೆತ್ತಿದ್ದು ಅದೊಂದೇ ಸಲ. ಮತ್ತೆ ಜೋಳ ಕೇರತೊಡಗಿದರು. ಹಸನಾದ ಜೋಳವನ್ನೇ ಮತ್ತೆ ಮತ್ತೆ ಕೇರುತ್ತಿದ್ದರು. ಕಡೆಗೆ ಮೊರ ಕೆಳಗಿಟ್ಟು, "ಹುಡುಗರಿಗೆ ಹೇಳೂವಾಗ ಎಷ್ಟ ಸಸಾರ ಇತ್ತು ನೋಡವಾ. ಹೇಳಿ ಮನಿಗೆ ಬಂದು ರೊಟ್ಟಿ ಬಡೀತಿದ್ದೆ," ಅಂದರು. "ಇವತ್ತ, ಹೇಳಿದ್ದು ಖರೆ ಇದ್ರ ಸಾಯಿ ಅನ್ನಾಕತ್ತಾನ."

ಯಾರು ಎಂದು ನಾನು ಕೇಳಲಿಲ್ಲ. ಅವರ ಮುಖದಲ್ಲಿ ಭಕ್ತಿಯೇನೂ ಇರಲಿಲ್ಲ. ಕೈಯಲ್ಲಿದ್ದದ್ದನ್ನು ಯಾರೋ ಕಸಿದುಕೊಂಡಾಗಿನ ಮುಖ ಅದು. ಎದ್ದು ಸೆರಗು ಸುತ್ತಿಕೊಂಡು ಹೊರಟರು. ನಾನೂ ಹಿಂದೆ ಹೋದೆ. ದಾರಿಯಲ್ಲಿ ಪಾಸ್ಟರ ಮನೆಯ ಮುಂದೆ ನಿಂತು, ಒಳಗೂ ಹೋಗದೆ, "ಕರಕೊಂಡ ಬರ್ರಿ ಅವ್ರನ್ನ," ಎಂದಷ್ಟೇ ಹೇಳಿದರು.

ಟಂಟಂನಲ್ಲಿ ಹೆಣ ತಂದರು. ಹಸಿರು ಸೀರೆಯಲ್ಲಿ ಸುತ್ತಿದ್ದರು. ಗ್ಯಾಂಗಿನ ಗಂಡಸರು ಗುದ್ದಲಿ ಹಿಡಿದು ಬಂದವರು, ಆ ಜಾಗ ನೋಡಿ ಹಿಂದೆ ಸರಿದರು. ಅದೇ ವಾರ ಬಳಿದ ಸುಣ್ಣ ಬೆಳ್ಳಗೆ ಹೊಳೆಯುತ್ತಿತ್ತು, ಒಳಗೆ ಮರಳು ಹೊಸದಾಗಿತ್ತು. ಈಗಷ್ಟೇ ಯಾರನ್ನೋ ಮಣ್ಣು ಮಾಡಿದ ಗೋರಿ ಎಂದೇ ಅವರು ತಿಳಿದರು. ಸತ್ತವಳ ಗಂಡ ಕೈಮುಗಿದು ಮರಾಠಿಯಲ್ಲಿ, ಇದರೊಳಗೆ ಯಾರೋ ಇದ್ದಾರೆ, ಅವರನ್ನು ಎಬ್ಬಿಸಿ ನನ್ನ ಹೆಂಡತಿಯನ್ನು ಇಡುವುದು ಬೇಡ ಅಂದ.

ಅಕ್ಕೋರಿಗೆ ಮರಾಠಿ ಬರುತ್ತಿತ್ತು. ಆದರೂ ಕನ್ನಡದಲ್ಲೇ ಅಂದರು: "ನಾನ ಇದ್ದೆ. ಈಗ ಎದ್ದೆ. ಅಗಿ ತಮ್ಮಾ."

ಅವನಿಗೆ ತಿಳಿಯಲಿಲ್ಲ. ಅಕ್ಕೋರೇ ಬಗ್ಗಿ ಕಲ್ಲುಗಳನ್ನು ಒಂದೊಂದಾಗಿ ಕಿತ್ತು ಗೋಡೆಯ ಬದಿಗೆ ಒಯ್ದು ಇಟ್ಟರು. ನಾನು ಕೈ ಹಾಕಲು ಹೋದಾಗ ಬೇಡ ಎಂದು ತಲೆಯಾಡಿಸಿದರು. ಗುದ್ದಲಿ ಮೊದಲ ಸಲ ನೆಲಕ್ಕೆ ಬಿದ್ದಾಗ ಅವರು ಕಣ್ಣು ಮುಚ್ಚಿಕೊಂಡದ್ದನ್ನು ನಾನು ನೋಡಿದೆ. ಎಲ್ಲ ಮುಗಿದ ಮೇಲೆ ನಳದ ಕೆಳಗೆ ಬಹಳ ಹೊತ್ತು ಕೈ ತೊಳೆದರು.

ಕೊಟ್ಟ ಮೇಲೆ ಅವರಿಗೆ ಸಮಾಧಾನ ಸಿಕ್ಕಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ಗ್ಯಾಂಗಿನವರು ಹಂಗಾಮು ಮುಗಿಸಿ ಹೋದವರು ಮತ್ತೆ ಈ ಕಡೆ ಬರಲಿಲ್ಲ. ಅವಳ ಗೋರಿಗೆ ಸುಣ್ಣ ಬಳಿಯುವವರು ಯಾರೂ ಇರಲಿಲ್ಲ. ಅದನ್ನೂ ಅಕ್ಕೋರೇ ಬಳಿದರು, ವರ್ಷ ವರ್ಷವೂ. ಬಳಿಯುತ್ತಲೇ ಗೊಣಗುತ್ತಿದ್ದರು.

"ನಮ್ಮವರ ಬಾಜೂಕ ಹೆಂಗ ಮಲಗ್ಯಾಳ ನೋಡವಾ ನನ್ನ ಸವತಿ. ಹೊಟ್ಟಿ ಉರೀತೈತಿ."

"ಕೊಟ್ಟ ಮ್ಯಾಲೆ ಆತಲ್ರಿ, ಇನ್ನ ಬಿಡ್ರಿ," ಅಂದೆ ಒಮ್ಮೆ.

"ಜಾಗಾ ಕೊಟ್ಟೆ. ಈ ನಾನು ಅನ್ನೂದು ಎಲ್ಲಿ ಸತ್ತೈತಿ? ಹುಗದು ಮನಿಗೆ ಬರೂದ್ರಾಗ ಎದ್ದು ಬಾಗಿಲಾಗ ಕುಂತಿರತೈತಿ." ನಕ್ಕರು. ಆ ನಗು ಬಹಳ ಹೊತ್ತು ಇರಲಿಲ್ಲ. "ದಿನಾ ಅಂತ ಸುಮ್ನ ಹೇಳಿಲ್ಲವಾ. ಅಂವಾ ಜೋಡಿ ಇದ್ದಾನಂತ ಸಾಯಾಕ ಧೈರ್ಯ ಬರತೈತಿ. ಒಬ್ಬಾಕಿನ ಆಗಿದ್ರ ನಾ ಅವತ್ತ ಆ ಕಲ್ಲ ಕೀಳತಿರಲಿಲ್ಲ."

ಅಕ್ಕೋರು ಹೋದದ್ದು ಮಳೆಗಾಲದಲ್ಲಿ. ಅಷ್ಟರಲ್ಲಿ ಊರ ಹೊರಗಿನ ಹೊಸ ಜಾಗ ಮಂಜೂರಾಗಿತ್ತು. ಬಯಲು, ಗಿಡವಿಲ್ಲ, ಮರವಿಲ್ಲ, ಕಬ್ಬಿನ ಟ್ರ್ಯಾಕ್ಟರುಗಳ ಧೂಳು. ಅಲ್ಲಿ ಮಣ್ಣಾದವರಲ್ಲಿ ಅವರೇ ಮೊದಲಿಗರು. ಸುತ್ತ ಯಾರೂ ಇರಲಿಲ್ಲ. ಮಣ್ಣು ಹಾಕಿ ತಿರುಗಿ ಬರುವಾಗ ನಮ್ಮವರು, ಯಾವಾಗಲೂ ಚೇಷ್ಟೆ ಮಾಡುವವರು, ಮನೆ ಮುಟ್ಟುವವರೆಗೂ ಅಂಗಿಗೆ ಹತ್ತಿದ ಮಣ್ಣು ಝಾಡಿಸುತ್ತಲೇ ಇದ್ದರು. ಈಗ ಅವರೂ ಅಲ್ಲೇ ಇದ್ದಾರೆ, ಅಕ್ಕೋರಿಂದ ಸ್ವಲ್ಪ ದೂರದಲ್ಲಿ...

ಸುಣ್ಣ ತಣ್ಣಗಾದ ಮೇಲೆ ಅಲ್ಲಿಗೆ ಹೋಗಿ ಇಬ್ಬರ ಗೋರಿಗೂ ಬಳಿದೆ. ಅಕ್ಕೋರದು ಬರೀ ಮಣ್ಣಿನ ದಿಬ್ಬ, ಸುಣ್ಣ ಹಿಡಿಯಲೊಲ್ಲದು. ನೆಲ ಹಸನು ಮಾಡಲು ಬಂದಿದ್ದ ಆಳು ನಮ್ಮವರ ಪಕ್ಕದ ನೆಲ ತೋರಿಸಿ, "ಇಲ್ಲಿ ಕಲ್ಲ ಇಡೂಣೇನ್ರಿ? ಇನ್ನ ತಡಾ ಆದ್ರ ಯಾರರ ಹಿಡೀತಾರ," ಅಂದ. ನಾಳೆ ಹೇಳುತ್ತೇನೆ ಎಂದೆ.

ಉಳಿದ ಸುಣ್ಣ ಹಿಡಿದು ಹಳೆಯ ಸಮಾಧಿ ಜಾಗಕ್ಕೆ ಹೋದೆ. ಅಕ್ಕೋರು ಹೋದಾಗಿನಿಂದ ಆ ಕಬ್ಬಿನ ಹೆಂಗಸಿನ ಗೋರಿಗೆ ಯಾರೂ ಬಳಿದಿರಲಿಲ್ಲ. ಅದಕ್ಕೂ, ಪಕ್ಕದ ಕಂಪೌಂಡರ ಗೋರಿಗೂ ಬಳಿದೆ. ಗೋಡೆಯ ಬದಿಗೆ ಅಕ್ಕೋರು ಕಿತ್ತಿಟ್ಟ ಕಲ್ಲುಗಳು ಹಾಗೆಯೇ ಇದ್ದವು, ಒಂದು ಮಗ್ಗಲಿಗೆ ಹಳೆಯ ಸುಣ್ಣ ಇನ್ನೂ ಅಂಟಿಕೊಂಡಿತ್ತು. ಒಬ್ಬರಿಗೆ ಸರಿಯಾಗುವಷ್ಟು ಕಲ್ಲು. ನನಗೂ ಸರಿಯಾಗುತ್ತಿದ್ದವು. ಅದನ್ನು ಯೋಚಿಸುತ್ತ ಅಲ್ಲಿ ಬಹಳ ಹೊತ್ತು ಕುಳಿತಿದ್ದೆ.

ಮರುದಿನ ಅವನ್ನು ಟಂಟಂನಲ್ಲಿ ಹಾಕಿಸಿ ಹೊಸ ಜಾಗಕ್ಕೆ ತಂದು ಅಕ್ಕೋರ ಗೋರಿಯ ಸುತ್ತ ಜೋಡಿಸಿದೆ. ಅವರ ಕಲ್ಲು, ಅವರಿಗೆ. ನಮ್ಮವರ ಪಕ್ಕದ ನೆಲ ಗುರುತಿಲ್ಲದೆ ಹಾಗೆಯೇ ಬಿದ್ದಿದೆ.

ಬಿಟ್ಟುಕೊಟ್ಟೆ ಎನ್ನುವ ಧೈರ್ಯ ನನಗಿನ್ನೂ ಬಂದಿಲ್ಲ. ಅಲ್ಲಿಗೆ ಹೋದಾಗಲೆಲ್ಲ, ನಮ್ಮವರ ಗೋರಿಗಿಂತ ಮೊದಲು ಕಣ್ಣು ಹೋಗುವುದು ಆ ಖಾಲಿ ನೆಲದ ಕಡೆಗೇ, ಯಾರಾದರೂ ಅಗೆದಿದ್ದಾರೇನೋ ಎಂದು.