ಲ್ಯಾಬ್ ಅಕ್ಕ ಹಾಕಿಸಿದ ಪ್ಯಾಚ್

ಹೋದ ತಿಂಗಳು ತಿರುಪ್ಪೂರಿನ ಒಂದು ಬಟ್ಟೆ ಕಂಪನಿಗೆ ಸಾಫ್ಟ್‌ವೇರ್ ಹಾಕಿಕೊಡಲು ಹೋಗಿದ್ದೆ. ಪಕ್ಕದಲ್ಲಿ ಬಂದು ಕುಳಿತ ಹೆಂಗಸಿನ ನೂಲಿನ ಸೀರೆಯಿಂದ ಗಂಜಿಯ ವಾಸನೆ ಬಂತು. ನನ್ನ ಕೈ ನಿಂತುಬಿಟ್ಟಿತು. ಲ್ಯಾಬ್ ಅಕ್ಕನ ಸೀರೆಯ ವಾಸನೆ ಅದು...

ಪೀಳಮೇಡಿನ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದವರು ಅವರು. ಓದಿದ್ದು ಡಿಪ್ಲೊಮಾ. ನಮ್ಮ ಹಾಗೆಯೇ ಮಗ್ಗದ ಮನೆಯವರು. ತಮಿಳರ ನಡುವೆ ಇಬ್ಬರ ಮನೆಮಾತೂ ಕನ್ನಡ; ಯಾರೂ ಇಲ್ಲದಾಗ ನನ್ನೊಡನೆ ಅದರಲ್ಲೇ ಮಾತಾಡುತ್ತಿದ್ದರು. ನಮ್ಮ ಮನೆತನದಲ್ಲಿ ಡಿಗ್ರಿಯವರೆಗೆ ಬಂದ ಮೊದಲನೆಯವಳು ನಾನು. ಆ ಗರ್ವ ಆಗಲೂ ಇತ್ತು, ಈಗಲೂ ಇದೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಸೀರೆಯಂಚಿನ ವಿನ್ಯಾಸ ಬಿಡಿಸುವ ಒಂದು ಉಚಿತ ಸಾಫ್ಟ್‌ವೇರ್ ಆರಿಸಿದ್ದೆ. ಅದು ಪ್ರತಿ ಅಂಚಿನಲ್ಲೂ ಕೊನೆಯ ಎಳೆಯನ್ನು ನುಂಗುತ್ತಿತ್ತು. ಸೋರ್ಸ್ ಕೋಡ್ ಹುಡುಕಿ, ತಪ್ಪಿದ್ದ ಒಂದು ಸಾಲು ತಿದ್ದಿ, ಸಾಫ್ಟ್‌ವೇರ್ ತಂದು ಹಾಕುವ, ಅಪ್‌ಡೇಟ್ ಮಾಡುವ ಪ್ಯಾಕೇಜ್ ಮ್ಯಾನೇಜರ್ ಹಾಕಿದ್ದ ಫೈಲಿನ ಮೇಲೆಯೇ ನನ್ನದನ್ನು ಕೂರಿಸಿದೆ. ಪರೀಕ್ಷೆಯ ದಿನ ಬೆಳಿಗ್ಗೆ ನೋಡಿದರೆ ಎಳೆ ಮತ್ತೆ ಮಾಯ! ಹಿಂದಿನ ದಿನ ಲ್ಯಾಬಿನ ಯಂತ್ರಗಳೆಲ್ಲ ಅಪ್‌ಡೇಟ್ ಆಗಿ, ನನ್ನ ತಿದ್ದುಪಡಿ ಅಳಿಸಿಹೋಗಿತ್ತು. ಮಧ್ಯಾಹ್ನ ಪರೀಕ್ಷಕರು ಬರುವವರಿದ್ದರು. ಫೇಲಾದರೆ ಇನ್ನೊಂದು ವರ್ಷ ಓದಿಸುವ ಶಕ್ತಿ ಮನೆಗಿರಲಿಲ್ಲ. ಲ್ಯಾಬ್ ಅಕ್ಕನ ಮುಂದೆ ಅತ್ತುಬಿಟ್ಟೆ.

“ಅಳ್‌ಬ್ಯಾಡ ಕಣ್ಣು. ನೇಕಾರ್ನ ಮಗ್ಳಾಗಿ ನೆಯ್ದ್ ಸೀರೆ ಮ್ಯಾಲೆ ತೇಪೆ ಹಚ್ಚಿದೀಯಲ್ಲಾ! ಪಾವಲ್ಲೇ ಗಂಟಾಕ್ಬೇಕು,” ಎಂದರು. ಮುದ್ದಿಗೆ ಅವರು ನನ್ನನ್ನು ಕರೆಯುತ್ತಿದ್ದುದು ಕಣ್ಣು ಎಂದು. ಪಾವು ಎಂದರೆ ನಮ್ಮ ಕಡೆ ನೇಯುವ ಮೊದಲೇ ಮಗ್ಗಕ್ಕೆ ಹೂಡುವ ಉದ್ದನೆಯ ಎಳೆಗಳ ಹಾಸು.

ಪ್ಯಾಕೇಜಿನ ಮೂಲವನ್ನೇ ಇಳಿಸಿಕೊಳ್ಳಲು ಹೇಳಿದರು. ನನ್ನ ಸಾಲನ್ನು, ಮೂಲದಲ್ಲಿ ಏನು ಬದಲಾಗಬೇಕೆಂದು ತಿಳಿಸುವ ಪ್ಯಾಚ್ ಫೈಲಾಗಿ ಬರೆಸಿ, ಅದರೊಳಗೆ ಸೇರಿಸಿ, ಪ್ಯಾಕೇಜನ್ನು ಹೊಸದಾಗಿ ಕಟ್ಟಿಸಿದರು. ಅಪ್‌ಡೇಟ್ ಬಂದರೂ ಮುಟ್ಟದಂತೆ ತಡೆ ಹಾಕಿಸಿದರು. ತಾವು ಮಾತ್ರ ಕೀಬೋರ್ಡ್ ಮುಟ್ಟಲಿಲ್ಲ.

“ಪ್ಯಾಚಿನ್ ಮ್ಯಾಲೆ ಹೆಸ್ರು ಬರಿ.”

“ಒಂದ್ ಸಾಲಿಗ್ಯಾಕಕ್ಕಾ?”

“ಒಂದೇ ಎಳೆ ಅಂತ ನಿಮ್ಮಪ್ಪ ಬಿಟ್ಬಿಡ್ತಾರಾ? ಇನಿಷಿಯಲ್ ಸೇರ್ಸಿ ಬರಿ.”

ಹೆಬ್ಬೆಟ್ಟು ಒತ್ತುತ್ತಿದ್ದ ಅಪ್ಪನ ಮೊದಲಕ್ಷರ ನನ್ನ ಹೆಸರಿನ ಮುಂದೆ ಕೂತಿತು. ಪಾಸಾದೆ.

“ಇದ್ನ ಆ ಸಾಫ್ಟ್‌ವೇರ್ ಮಾಡ್ದವ್ರಿಗೆ ಕಳ್ಸು,” ಎಂದಿದ್ದರು. ನಮ್ಮಂಥವರ ಮಾತು ಯಾರು ಕೇಳುತ್ತಾರೆ ಎಂದು ಕಳಿಸಲಿಲ್ಲ... ಕೆಲಸ ಸಿಕ್ಕಿತು. ನೋಡಲು ಹೋಗಬೇಕು ಅನ್ನುತ್ತಲೇ ವರ್ಷಗಳು ಕಳೆದವು. ಅವರು ತೀರಿಹೋದದ್ದು ಯಾರಿಂದಲೋ ತಿಳಿಯಿತು.

ಆ ದಿನ ತಿರುಪ್ಪೂರಿನಲ್ಲಿ ಹಾಕುತ್ತಿದ್ದುದು ಅದೇ ಸಾಫ್ಟ್‌ವೇರ್. ನನ್ನ ಹಳೆಯ ಪ್ಯಾಚ್ ಹಾಕಲು ಹೋದರೆ, ಇದು ಈಗಾಗಲೇ ಸೇರಿದೆ ಎಂದು ಕಂಪ್ಯೂಟರ್ ನಿರಾಕರಿಸಿತು. ಬದಲಾವಣೆಗಳ ಪಟ್ಟಿ ತೆರೆದೆ. ತಿದ್ದಿದವರು: ನಾನು, ಇನಿಷಿಯಲ್ ಸಮೇತ. ಕಳಿಸಿದವರು: ಲ್ಯಾಬ್ ಅಕ್ಕ. ನಾನು ಪಾಸಾದ ವಾರವೇ ಕಳಿಸಿದ್ದರು. ನನಗೆ ಒಂದು ಮಾತೂ ಹೇಳಿರಲಿಲ್ಲ.

ಪಾಸಾದಾಗ ಬೀದಿಗೆಲ್ಲ ಸಿಹಿ ಹಂಚಿದ್ದೆ. ಅಕ್ಕನಿಗೆ ಕೊಡಲು ಮಾತ್ರ ಹೋಗಿರಲಿಲ್ಲ...